ಸೊಸೆಯ ಕಡೇ ಬೆಲೆ

ಫೆಬ್ರವರಿ 2, ಸೋಮವಾರ

ಬರೆಯಬೇಕಂತೆ. ಇಷ್ಟು ವರ್ಷ ಬರೆಯದೆ ಬದುಕಿದವಳು ಈಗ ದಿನಕ್ಕೊಂದು ಪುಟ ಬರೆಯಬೇಕಂತೆ. ಲಕ್ವ ಹೊಡೆದು ಬಲಗೈ ಬಿದ್ದು ಒಂದು ವರ್ಷ ದಾಟಿತು. ಆಸ್ಪತ್ರೆಯಿಂದ ಮನೆಗೆ ಬಂದು ಕೈ ನೀವುವ ಸುಷ್ಮಾ ಮೇಡಂ ಮೊದಲು ಚೆಂಡು ಒತ್ತಿಸಿದಳು, ಆಮೇಲೆ ಬಟ್ಟೆ ಹಿಂಡಿಸಿದಳು, ಈಗ ಪೆನ್ನು ಕೊಟ್ಟಿದ್ದಾಳೆ.

"ಏನಾದ್ರೂ ಬರೀರಮ್ಮ, ಯಾರೂ ಓದಲ್ಲ."

ಯಾರೂ ಓದುವುದಿಲ್ಲ ಅಂದಮೇಲೆ ಬರೆಯುವುದು ಯಾತಕ್ಕೆ? ಕೇಳಿದರೆ ನಗುತ್ತಾಳೆ. ಅವಳಿಗೇನು, ಗಂಟೆಗೆ ಇಷ್ಟು ಅಂತ ಫೀಸು ಬರುತ್ತದೆ, ನಗಬಹುದು.

ಆಂಧ್ರದ ಮಡಕಶಿರದ ಕಡೆಯ ನಮ್ಮೂರ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿದೆ. ಆಮೇಲೆ ಅಪ್ಪ ಹುಣಸೆಹಣ್ಣು ಬಡಿಯಲು ಕೂರಿಸಿದ. ಅಕ್ಷರ ಮರೆತಿಲ್ಲ, ಕೈಗೆ ಮರೆತಿದೆ. ಈ 'ಳ' ನೋಡಿದರೆ ಸತ್ತ ಹಲ್ಲಿ ಬಿದ್ದ ಹಾಗಿದೆ.

ಬರೆದೆ. ಸಾಕು.

ಫೆಬ್ರವರಿ 4, ಬುಧವಾರ

ಇವತ್ತು ಬೆಳಗಿನಿಂದ ಕುಕ್ಕರ್ ಇಡುವ ಹಾಗಿಲ್ಲ, ಟೀವಿ ಹಾಕುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ. ಸೊಸೆಗೆ ಇಂಟರ್‌ವ್ಯೂ. ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಯಾರಿಗೋ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದಾಳೆ. ಹೋದ ವಾರವೂ ಕೇಳಿದರು, ಅದಕ್ಕೆ ಮೊದಲೂ ಕೇಳಿದರು. ಹೆಣ್ಣು ನೋಡಲು ಬರುವವರೂ ಇಷ್ಟು ಸಲ ಬರುವುದಿಲ್ಲ. ಬಂದವರಿಗೆ ಉಪ್ಪಿಟ್ಟಾದರೂ ಕೊಟ್ಟು ಬಾಯಿ ಮುಚ್ಚಿಸಬಹುದಿತ್ತು.

ಮೊದಲು ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದಳು, ಕಡೆಕಡೆಗೆ ಇಲ್ಲಿ ಹಿಂದೂಪುರದ ಮನೆಯಿಂದಲೇ. ಕೈಕೆಳಗೆ ಆರು ಜನ ಇದ್ದರಂತೆ. ಮೊಮ್ಮಗಳು ರಂಜು ಹುಟ್ಟಿದಾಗ ಬಿಟ್ಟಳು. ಈಗ ಮಗುವಿಗೆ ಎರಡು ತುಂಬಿತು, ಮತ್ತೆ ಹುಡುಕುತ್ತಿದ್ದಾಳೆ. ಹುಡುಕಲಿ. ಆದರೆ ಮಧ್ಯಾಹ್ನದ ತನಕ ಅನ್ನ ಇಲ್ಲದೆ ಕೂರಿಸಿದ್ದು ಸರಿಯಲ್ಲ.

ಫೆಬ್ರವರಿ 6, ಶುಕ್ರವಾರ

ಇಂಟರ್‌ವ್ಯೂ ಪಾಸಾಯಿತಂತೆ. ಇನ್ನು ಉಳಿದದ್ದು ಸಂಬಳದ ಮಾತು, ಲೆವೆಲ್ಲಿನ ಮಾತು.

ಕಂಪನಿಯ ಎಚ್ಚಾರ್ ಹುಡುಗಿ ಫೋನು ಮಾಡಿ ನಿಮಗೆಷ್ಟು ಬೇಕು ಅಂತ ಕೇಳಿದಳಂತೆ. ಇವಳು ಹೇಳಲಿಲ್ಲ. ಈ ಕೆಲಸಕ್ಕೆ ನೀವು ಎಲ್ಲಿಂದ ಎಲ್ಲಿಯವರೆಗೆ ಕೊಡುತ್ತೀರಿ, ಅದನ್ನು ಮೊದಲು ಹೇಳಿ ಅಂದಳಂತೆ. ಅಷ್ಟು ಮಟ್ಟಿಗೆ ಜಾಣೆ. ಮೊದಲು ಬಾಯಿ ಬಿಟ್ಟವನು ಕೆಟ್ಟ, ಅದು ನಮ್ಮ ಹುಣಸೆ ಮಾರ್ಕೆಟ್ಟಿನಲ್ಲೂ ಹಾಗೇ.

ಆದರೆ ತಾನೇ ಹೇಗೆ ಮಾತಾಡುತ್ತಾಳೆ? ಅದು ನನಗೆ ಸರಿ ಬರಲಿಲ್ಲ. ನಾನು ಮೂವತ್ತು ವರ್ಷ ಹುಣಸೆ ಮಾರಿದವಳು. ಬೆಲೆ ಮಾತಾಡುವುದು ದಲ್ಲಾಳಿ ದಾಸಣ್ಣ. ಅವನೂ ಕೊಳ್ಳುವವನೂ ಟವಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಕಟ್ಟುತ್ತಿದ್ದರು. ಸುತ್ತ ನಿಂತವರಿಗೆ ಕಾಣುವುದು ಟವಲು ಅಲ್ಲಾಡುವುದು ಮಾತ್ರ. ಹೆಂಗಸು ಟವಲಿನ ಕೆಳಗೆ ಕೈ ಇಡುವ ಹಾಗಿರಲಿಲ್ಲ. ನಾನು ದೂರ ಮೂಟೆಯ ಮೇಲೆ ಕೂತು ದಾಸಣ್ಣನ ಮುಖ ನೋಡುತ್ತಿದ್ದೆ. ಏನು ಕಮ್ಮಿಯಾಯಿತು? ಮನೆ ಕಟ್ಟಿಸಲಿಲ್ಲವೇ?

ಊಟಕ್ಕೆ ಕೂತಾಗ ಕೇಳಿದೆ. "ಸಂಬಳ ಸರಿ. ಈ ಲೆವೆಲ್ಲು ಅಂದ್ರೆ ಏನಮ್ಮ, ಬೇಯಿಸ್ಕೊಂಡು ತಿಂತಾರಾ?"

"ಅತ್ತೆ, ಎರಡು ವರ್ಷ ಬಿಟ್ಟಿದ್ದೆ ಅಂತ ಕೆಳಗಿನ ಲೆವೆಲ್ಲಿಗೆ ಹಾಕೋಕೆ ನೋಡ್ತಾರೆ. ಒಪ್ಕೊಂಡ್ರೆ ನಾನು ಕೆಲ್ಸ ಕಲಿಸೋ ವಯಸ್ಸಿನ ಹುಡುಗ್ರ ಕೈಕೆಳಗೆ ಕೂರ್ಬೇಕು. ಮುಂದೆ ಎಲ್ಲೋದ್ರೂ ಅಲ್ಲಿಂದ್ಲೇ ಎಣಿಸ್ತಾರೆ. ಮತ್ತೆ ಹತ್ತೋಕೆ ನಾಕೈದು ವರ್ಷ ಬೇಕು."

ಮಗ ನರೇಶ ತಟ್ಟೆಯಿಂದ ತಲೆ ಎತ್ತದೆ ಅಂದ: "ಬಿಟ್ಟು ಎರಡು ವರ್ಷ ಆಯ್ತು. ವರ್ಷಕ್ಕೆ ಹದಿನಾರು ಲಕ್ಷ ಕೊಟ್ರೆ ಕಣ್ಣಿಗೆ ಒತ್ಕೊಂಡು ತಗೋಬೇಕು."

ಬಿಡುವಾಗಲೇ ಇಪ್ಪತ್ತೆರಡು ಬರುತ್ತಿತ್ತು ಅವಳಿಗೆ. ಒಂದು ಸಲ ಅವನ ಮುಖ ನೋಡಿದಳು, ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದಳು. ಹೋಗುವಾಗ ನನ್ನ ಕಡೆ ತಿರುಗಿ, "ಅತ್ತೆ, ಭಾನುವಾರ ಕಲ್ಯಾಣದುರ್ಗಕ್ಕೆ ಹೋಯ್ತೀರಲ್ಲ, ಸ್ವಾಮಿ ಭಾವನ ಹತ್ರ ಈ ವಿಷ್ಯ ಎತ್ಬೇಡಿ. ಅವ್ರು ಅದೇ ಕಂಪನೀಲಿ ಇದಾರೆ. ನಾನು ಅವ್ರ ಹೆಸ್ರು ಹೇಳ್ದೆ ಪಾಸಾಗಿದೀನಿ" ಅಂದಳು.

ಎಷ್ಟು ಜಂಭ ನೋಡು. ಸ್ವಾಮಿ ನನ್ನ ಅಕ್ಕನ ಮಗ, ಮನೆಯಲ್ಲೇ ದಲ್ಲಾಳಿ ಇದ್ದಾನೆ, ಇವಳಿಗೆ ಬೇಡವಂತೆ.

ಫೆಬ್ರವರಿ 8, ಭಾನುವಾರ, ಕಲ್ಯಾಣದುರ್ಗ

ಅಕ್ಕ ಲಕ್ಷ್ಮಕ್ಕನ ಮನೆ. ಅವಳ ಮಗ ತಿಪ್ಪೇಸ್ವಾಮಿ ಹಳೇ ಮನೆ ಕೆಡವಿ ಹೊಸದು ಕಟ್ಟಿಸಿದ್ದಾನೆ. ಗೃಹಪ್ರವೇಶ. ಎರಡು ಅಂತಸ್ತು, ಮೆಟ್ಟಿಲಿಗೆ ಗಾಜಿನ ಕಟಕಟೆ. ಹತ್ತುವಾಗ ನನಗೆ ಕೈ ಹಿಡಿಯಲು ಭಯವಾಯಿತು, ಎಲ್ಲಿ ಒಡೆದರೆ ಅಂತ. ಅಕ್ಕನ ಸೀರೆ ಸರಿಯಾಗಿತ್ತು. ಹೋಳಿಗೆಗೆ ಬೆಲ್ಲ ಸಾಲದು.

ಸೊಸೆ ಬರಲಿಲ್ಲ, ಮಗುವಿಗೆ ನೆಗಡಿ ಅಂದಳು. ನರೇಶ ಬಸ್ಸಿಗೆ ಹತ್ತಿಸಿ ಹೋದ. ಒಳ್ಳೆಯದೇ ಆಯಿತು.

ಊಟವಾದ ಮೇಲೆ ಸ್ವಾಮಿಯನ್ನು ಹಿತ್ತಿಲ ಕಡೆ ಕರೆದೆ. ಅವನ ಮುಂದೆ ನಾಲ್ಕು ಜನ ಕೈ ಕಟ್ಟಿ ನಿಂತಿದ್ದರು, ಆದರೂ ಬಂದ. ಸಣ್ಣವನಿದ್ದಾಗ ಬೇಸಿಗೆಗೆ ನಮ್ಮ ಮನೆಗೆ ಬಂದು ಹುಣಸೆಬೀಜ ಹುರಿಸಿಕೊಂಡು ತಿನ್ನುತ್ತಿದ್ದ ಹುಡುಗ.

"ಏನ್ ಚಿಕ್ಕಮ್ಮ, ಕೈ ಹೆಂಗೈತೆ?"

"ಕೈ ಇರ್ಲಿ ಬಿಡು. ನಿನ್ ಕಂಪನೀಲಿ ನನ್ ಸೊಸೆ ಭಾರ್ಗವಿ ಕೆಲ್ಸದ ಮಾತು ನಡೀತಾ ಐತೆ, ಗೊತ್ತಾ?"

ಗೊತ್ತಿರಲಿಲ್ಲ ಅವನಿಗೆ. ಹುಬ್ಬು ಮೇಲೆ ಹೋಯಿತು. "ಔನಾ? ನಂಗೊಂದು ಮಾತು ಹೇಳ್ಲೇ ಇಲ್ಲ ನೋಡು ಅವ್ಳು!" ಅಂದ.

ನಾನು ಎಲ್ಲ ಬಿಡಿಸಿ ಹೇಳಿದೆ. ಕಡೆಗೆ ಕಡೇ ಮಾತನ್ನೂ ಹೇಳಿದೆ. ಹೇಳಲೇಬೇಕು, ಅದು ಕ್ರಮ. ಟವಲು ಹಾಕುವ ಮುಂಚೆ ಮಾರುವವನು ದಲ್ಲಾಳಿಯ ಕಿವಿಯಲ್ಲಿ ತನ್ನ ಕಡೇ ಬೆಲೆ ಹೇಳುತ್ತಾನೆ. ಇದಕ್ಕಿಂತ ಕೆಳಗೆ ಬೇಡ ಅಂತ. ಅದು ತಿಳಿದರೆ ತಾನೇ ದಲ್ಲಾಳಿ ಧೈರ್ಯವಾಗಿ ಮೇಲಕ್ಕೆ ಎಳೆಯುವುದು? ಕೇಳಿದ ಕಡೇ ಬೆಲೆಗೇ ಮಾರಿಬಂದ ದಲ್ಲಾಳಿಯ ಅಂಗಡಿ ಮುಂದೆ ಮಾರನೇ ದಿನ ಒಬ್ಬನೂ ಮೂಟೆ ಇಳಿಸುವುದಿಲ್ಲ.

"ಹದಿನಾರಕ್ಕೆ ಕಮ್ಮಿ ಬ್ಯಾಡ ಕಣಪ್ಪ. ಲೆವೆಲ್ಲು ಗಿವೆಲ್ಲು ಆಮೇಲೆ ನೋಡ್ಕೊಂಡ್ರಾಯ್ತು. ಮಿಕ್ಕಿದ್ದು ನಿನ್ ಕೈಲೈತೆ."

"ನುವ್ವು ನಿಶ್ಚಿಂತಗಾ ಉಂಡು ಚಿನ್ನಮ್ಮ. ನಾನು ನೋಡ್ಕೋತೀನಿ" ಅಂದ. ನಿಶ್ಚಿಂತೆಯಾಗಿರು ಅಂತ, ಅವನ ತೆಲುಗಿನಲ್ಲಿ, ನನ್ನ ಬಿದ್ದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಂದ.

ಮನಸ್ಸು ಹಗುರಾಯಿತು. ಈ ಪುಟ ಪೂರ್ತಿ ಬರೆದೆ, ಕೈ ಅಷ್ಟೊಂದು ನೋಯಲಿಲ್ಲ. ಸೊಸೆ ಆಮೇಲೆ ತಿಳಿದು ಕಾಲಿಗೆ ಬೀಳುತ್ತಾಳೆ. ಬೀಳದಿದ್ದರೂ ಪರವಾಗಿಲ್ಲ.

ಫೆಬ್ರವರಿ 9, ಸೋಮವಾರ

ಬಸ್ಸಿನಲ್ಲಿ ಕೂತು ಸೊಂಟ ಹೋಯಿತು. ಮಡಕಶಿರದಲ್ಲಿ ಇಳಿದು ಬೇರೆ ಬಸ್ಸು. ಯಾರೂ ಸೀಟು ಬಿಡಲಿಲ್ಲ. ಸೊಸೆ ಬಿಸಿನೀರು ಕಾಯಿಸಿಟ್ಟಿದ್ದಳು. ಸ್ವಾಮಿ ಏನಾದರೂ ಕೇಳಿದನಾ ಅಂದಳು. ಮನೆ ಚೆನ್ನಾಗಿದೆ ಅಂದೆ.

ಫೆಬ್ರವರಿ 12, ಗುರುವಾರ

ಆಫರ್ ಬಂತು.

ಹದಿನಾರು. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆ ಇಲ್ಲ. ಲೆವೆಲ್ಲು ಮೊದಲಿದ್ದದ್ದಕ್ಕಿಂತ ಎರಡು ಮೆಟ್ಟಿಲು ಕೆಳಗೆ.

ಸೊಸೆ ಎಚ್ಚಾರ್ ಹುಡುಗಿಗೆ ಫೋನು ಮಾಡಿದಳು. ನಾನು ಬಾಗಿಲ ಬಳಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಇಂಗ್ಲಿಷು. ಫೋನು ಇಟ್ಟಳು. ಆಮೇಲೆ ಬಂದು ನನ್ನ ಎದುರು ಕೂತಳು. "ನಿಮ್ಮ ಕಡೆಯಿಂದ್ಲೇ ಈ ನಂಬರ್ರಿಗೆ ಒಪ್ಪಿಗೆ ಇದೆ ಅಂತ ನಮಗೆ ಗೊತ್ತಾಗಿತ್ತು, ಲೆವೆಲ್ ಮುಖ್ಯ ಅಲ್ಲ ಅಂದಿದ್ರಂತಲ್ಲ, ಅಂತಾಳೆ ಆ ಹುಡುಗಿ, ಅತ್ತೆ. ಯಾರು ಹೇಳಿದ್ದು?"

ನಾನು ಬೆಳ್ಳುಳ್ಳಿ ಸುಲಿದೆ.

"ಹದಿನಾರು ಅಂದಿದ್ದು ಇವರೊಬ್ರೇ" ಅಂದಳು. ಗಂಡನನ್ನು.

ರಾತ್ರಿ ಊಟಕ್ಕೆ ಹುರುಳಿ ಸಾರು. ಉಪ್ಪು ಜಾಸ್ತಿ.

ಫೆಬ್ರವರಿ 13, ಶುಕ್ರವಾರ

ಕೈ ನೋವು. ಬರೆಯುವುದಿಲ್ಲ.

ಫೆಬ್ರವರಿ 15, ಭಾನುವಾರ

ಶಿವರಾತ್ರಿ. ಉಪವಾಸ ಅಂತ ಒಲೆ ಹಚ್ಚಲಿಲ್ಲ, ಆದರೂ ಮನೆ ಉರಿಯಿತು.

ಮೂರು ದಿನದಿಂದ ಗಂಡ ಹೆಂಡತಿಗೆ ಮಾತಿಲ್ಲ. ಇವತ್ತು ಬಾಯಿ ಬಿಟ್ಟರು. ನಾನು ದೇವರ ಮುಂದೆ ಬಿಲ್ವಪತ್ರೆ ಹಿಡಿದು ಕೂತಿದ್ದೆ. ಅವಳು, "ಕಂಪನೀಲಿ ಯಾರಿಗೆ ಫೋನ್ ಮಾಡಿದ್ರಿ ಹೇಳಿ" ಅನ್ನುತ್ತಾಳೆ. ಅವನು ರಂಜು ತಲೆ ಮೇಲೆ ಕೈಯಿಟ್ಟು ಆಣೆ ಮಾಡುತ್ತಾನೆ. "ಮಗೂ ಮೇಲೆ ಆಣೆ ಇಡ್ಬೇಡಿ, ಸುಳ್ಳಿಗೆ ಅದೊಂದು ಬಾಕಿ ಇತ್ತು!" ಅಂದಳು. ಅವನು ಚಪ್ಪಲಿ ಮೆಟ್ಟಿಕೊಂಡ. ಮಗು ಅತ್ತಿತು.

ನನಗೆ ತಡೆಯಲಾಗಲಿಲ್ಲ. "ಏ, ನಿಲ್ಸಿ ಇಬ್ರೂ! ನಾನು ಕಣ್ರೇ ಹೇಳಿದ್ದು. ಸ್ವಾಮಿಗೆ ನಾನೇ ಹೇಳ್ದೆ. ಏನೀಗ?"

ಅವಳು ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

"ಮೂರು ದಿನ ಇವ್ರನ್ನ ಬಯ್ತಿದ್ದೆ ಅತ್ತೆ. ನೀವು ಪಕ್ಕದಲ್ಲೇ ಕೂತಿದ್ರಿ."

"ದಲ್ಲಾಳಿಗೆ ಕಡೇ ಮಾತು ಹೇಳ್ದೆ ಹೆಂಗಮ್ಮ ವ್ಯಾಪಾರ ಮಾಡ್ತಾನೆ? ಅವ್ನು ಮೇಲಕ್ಕೆ ಎಳೀತಾನೆ ಅಂತ..."

"ನಾನು ಹುಣಸೆಹಣ್ಣಾ?"

ಅಷ್ಟೇ. ರಂಜುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಅರ್ಧಕ್ಕೆ ನಿಂತು, ನನ್ನ ಕಡೆ ತಿರುಗದೆ, "ಅವ್ರು ಗ್ಯಾಪ್ ಗ್ಯಾಪ್ ಅಂತಾರಲ್ಲ ಅತ್ತೆ, ಮೊದಲ್ನೇ ವರ್ಷ ಇವಳು. ಎರಡ್ನೇ ವರ್ಷ ಯಾರು ಅಂತ ನಾನು ಎಲ್ಲೂ ಹೇಳಿಲ್ಲ. ಸ್ವಂತ ಕಾರಣ ಅಂತ ಬರೆದಿದೀನಿ" ಅಂದಳು.

ಎರಡನೇ ವರ್ಷ ನಾನು. ನನಗೆ ಲಕ್ವ ಹೊಡೆದಾಗ ಅವಳು ಮತ್ತೆ ಕೆಲಸಕ್ಕೆ ಸೇರಬೇಕಿತ್ತು. ದಿನ ಗೊತ್ತಾಗಿತ್ತು. ಸೇರಲಿಲ್ಲ. ನನ್ನ ಬಾಯಿಗೆ ಗಂಜಿ ಹಾಕಿದಳು, ಬಟ್ಟೆ ಬದಲಾಯಿಸಿದಳು. ನಾನು ಗಂಜಿ ಬಿಸಿ ಅಂತ ಬಯ್ಯುತ್ತಿದ್ದೆ.

ಬಿಲ್ವಪತ್ರೆ ಕೈಯಲ್ಲೇ ಬಾಡಿತು.

ಫೆಬ್ರವರಿ 16, ಸೋಮವಾರ

ಸ್ವಾಮಿಗೆ ಫೋನು ಮಾಡಿದೆ. ಮೂರನೇ ಸಲಕ್ಕೆ ಎತ್ತಿದ.

"ಏನೋ ಸ್ವಾಮಿ, ಕಡೇ ಮಾತು ಹೇಳಿದ್ರೆ ಅದಕ್ಕೇ ಮಾರ್ಬುಟ್ಟೇನೋ?"

"ಅಯ್ಯೋ ಚಿಕ್ಕಮ್ಮ, ನೀನೇ ತಾನೇ ಹದಿನಾರು ಅಂದಿದ್ದು? ನಾನು ಎಚ್ಚಾರ್‌ನೋರ್ಗೆ ಒಂದು ಮಾತು ಹೇಳ್ದೆ, ಬೇಗ ಆಗ್ಲಿ ಅಂತ. ಗ್ಯಾಪ್ ಇರೋರನ್ನ ಈಗ ಯಾರು ತಗೋತಾರೆ? ಥ್ಯಾಂಕ್ಸ್ ಹೇಳೋದು ಬಿಟ್ಟು..." ಮೀಟಿಂಗ್ ಅಂತ ಇಟ್ಟ. ಆಮೇಲೆ ಎತ್ತಲಿಲ್ಲ.

ಸಂಜೆ ಆಟೋ ಹಿಡಿದು ಮಾರ್ಕೆಟ್ ಯಾರ್ಡಿಗೆ ಹೋದೆ. ಸುಮ್ಮನೆ. ಹುಣಸೆ ಬರಲು ಶುರುವಾಗಿದೆ. ಹುಳಿ ವಾಸನೆಗೆ ಬಾಯಲ್ಲಿ ನೀರು ಬಂತು. ದಾಸಣ್ಣ ಇನ್ನೂ ಇದ್ದಾನೆ, ಹಲ್ಲಿಲ್ಲ, ಗರ್ವ ಇದೆ.

"ಏನ್ ಪೋಲಕ್ಕ, ಕೈ ಬಂತಾ? ಬಾಯಿ ಹೋಗಿಲ್ಲ ತಾನೇ?"

"ನಿನ್ನ ಹಲ್ಲು ಹೋದಂಗೆ ಹೋಗಿಲ್ಲ ಬಿಡು."

ಬೇರೆ ಯಾರದೋ ಮನೆಯ ಕಥೆ ಅನ್ನುವ ಹಾಗೆ ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿ ಒಂದೇ ಮಾತು ಕೇಳಿದ. "ಆ ಹುಡುಗನಿಗೆ ಕಮಿಷನ್ ಯಾರು ಕೊಡ್ತಾರಕ್ಕ?"

"ಕಮಿಷನ್ ಏನು, ಅವನು ಅದೇ ಕಂಪನೀಲಿ ಸಂಬ್ಳ..."

ಅಲ್ಲಿಗೆ ನಿಲ್ಲಿಸಿದೆ. ದಾಸಣ್ಣ ನಕ್ಕುಬಿಟ್ಟ. "ಹಂಗಾದ್ರೆ ಅವ್ನೇನ್ ದಲ್ಲಾಳಿ? ಕೊಳ್ಳೋನ ಮನೆ ಆಳು! ಯಾವ್ ದಡ್ಡಿ ಅಕ್ಕ ಅವ್ಳು, ಕೊಳ್ಳೋನ ಆಳಿಗೆ ಹೋಗಿ ಕಡೇ ರೇಟು ಹೇಳ್ದೋಳು?"

"ಇದಾಳೆ ಒಬ್ಳು" ಅಂದೆ.

ಯಾರ್ಡಿನಲ್ಲಿ ಕರಿಪುಳಿ ರಾಶಿ ಒಂದು ಕಡೆ, ಫ್ಲವರ್ ರಾಶಿ ಒಂದು ಕಡೆ. ಕರಿಪುಳಿ ಅಂದರೆ ಮೇಲು ಹಣ್ಣು, ಫ್ಲವರ್ ಅದಕ್ಕಿಂತ ಕೆಳಗಿನದು. ಹಮಾಲಿ ಮರೆತು ಒಂದು ಬುಟ್ಟಿ ಕರಿಪುಳಿಯನ್ನು ಫ್ಲವರ್ ರಾಶಿಗೆ ಸುರಿದರೆ ಮುಗಿಯಿತು, ಅದನ್ನು ಯಾರೂ ಆರಿಸಿ ವಾಪಸು ತರುವುದಿಲ್ಲ. ರಾಶಿಯ ಬೆಲೆಯೇ ಅದರ ಬೆಲೆ. ಒಂದು ಸಲ ನನ್ನ ಬುಟ್ಟಿ ಹಾಗೆ ಸುರಿದವನಿಗೆ ನಾನು ಪೊರಕೆಯಲ್ಲಿ ಹೊಡೆದಿದ್ದೆ.

ಲೆವೆಲ್ಲು ಬೇಯಿಸಿ ತಿನ್ನುತ್ತಾರಾ ಅಂತ ಕೇಳಿದ್ದೆನಲ್ಲ.

ಫೆಬ್ರವರಿ 18, ಬುಧವಾರ

ಭಾರ್ಗವಿ ನನ್ನ ಜೊತೆ ಮಾತಾಡುವುದಿಲ್ಲ. ಎಲ್ಲ ಕೆಲಸ ಮಾಡುತ್ತಾಳೆ. ಮಾತ್ರೆ ತಟ್ಟೆಯ ಪಕ್ಕ ಇರುತ್ತದೆ, ಬಿಸಿನೀರು ಬಚ್ಚಲಲ್ಲಿ ಇರುತ್ತದೆ. ಊಟಕ್ಕೆ ಮಗುವನ್ನು ಕಳಿಸುತ್ತಾಳೆ. ಅದು ಬಂದು ಸೆರಗು ಎಳೆದು, "ಅಜ್ಜಿ, ಬುವ್ವ" ಅನ್ನುತ್ತದೆ. ಬಯ್ದಿದ್ದರೆ ಚೆನ್ನಾಗಿತ್ತು.

ನರೇಶನಿಂದ ವಿಷಯ ತಿಳಿಯಿತು. ಭಾರ್ಗವಿ ಕಂಪನಿಗೆ ಬರೆದಿದ್ದಾಳೆ. ಆ ನಂಬರ್ ನಾನು ಹೇಳಿದ್ದಲ್ಲ, ಲೆವೆಲ್ಲು ಮೊದಲಿನದೇ ಬೇಕು, ಆಮೇಲೆ ಸಂಬಳ ಮಾತಾಡೋಣ ಅಂತ. ಅವರು ಏನಂದರಂತೆ ಅಂದರೆ, ಹೇಳಿದವರು ನಮ್ಮ ಕಂಪನಿಯವರೇ, ಅವರೇ ಬಂದು ಅದು ತಪ್ಪು ಅಂದರೆ ಮತ್ತೆ ನೋಡುತ್ತೇವೆ. ಆಫರ್ ಇಪ್ಪತ್ತಾರನೇ ತಾರೀಖಿನವರೆಗೆ ಇರುತ್ತದೆ. ಸ್ವಾಮಿಗೆ ಭಾರ್ಗವಿಯೇ ಫೋನು ಮಾಡಿದಳಂತೆ. "ಮನೇ ದೊಡ್ಡವ್ರು ಹೇಳಿದ ಮಾತು, ನಾನ್ ಹೆಂಗೆ ಸುಳ್ಳು ಅನ್ಲಿ? ಚಿಕ್ಕಮ್ಮನೇ ಹೇಳ್ಲಿ" ಅಂದನಂತೆ. ಚಿಕ್ಕಮ್ಮನ ಫೋನು ಮಾತ್ರ ಎತ್ತುವುದಿಲ್ಲ.

"ಸಿಗ್ದಿದ್ರೆ ಏನ್ ಮಾಡ್ತಾಳಂತೆ?" ಕೇಳಿದೆ.

"ಬೇಡ ಅಂತಾಳಂತೆ. ಇನ್ನೊಂದು ಹುಡುಕ್ತಾಳಂತೆ. ಗ್ಯಾಪ್ ಇನ್ನೂ ಉದ್ದ ಆಗತ್ತೆ" ಅಂದ. ಆಮೇಲೆ ತಾನೇ, "ನಾನು ಹದಿನಾರು ಅನ್ಬಾರ್ದಿತ್ತಮ್ಮ" ಅಂದ.

ಮೇಲಿನ ಕೋಣೆಯಲ್ಲಿ ಅವಳು ಒಬ್ಬಳೇ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಅವಳ ಕೈ ಟವಲಿನ ಕೆಳಗೆ ಇತ್ತು, ಬೆರಳು ಸರಿಯಾಗಿಯೇ ಹಿಡಿದಿದ್ದಳು. ನಾನು ಹೋಗಿ ಟವಲು ಎಳೆದುಬಿಟ್ಟೆ.

ಸುಷ್ಮಾ ಮೇಡಂ ಬಂದಿದ್ದಳು. ಪುಟಗಳನ್ನು ದೂರದಿಂದ ನೋಡಿ, "ಅಮ್ಮ, ಅಕ್ಷರ ಎಷ್ಟು ದುಂಡಗಾಗಿದೆ!" ಅಂದಳು. ಅವಳಿಗೆ ಬೇರೆ ಕೆಲಸವಿಲ್ಲ.

ಫೆಬ್ರವರಿ 20, ಶುಕ್ರವಾರ

ಫೋನು ಎತ್ತದವನಿಗೆ ಕಾಗದ. ನಾಳೆ ಶನಿವಾರ, ಆಫೀಸಿಗೆ ರಜ, ಸ್ವಾಮಿ ಹೊಸ ಮನೆಗೆ ಬರುತ್ತಾನೆ. ಬೆಳಗಿನ ಬಸ್ಸಿಗೆ ನಾನೇ ಕಲ್ಯಾಣದುರ್ಗಕ್ಕೆ ಹೋಗುತ್ತೇನೆ. ನರೇಶ ಜೊತೆಗೆ ಬರುತ್ತೇನೆ ಅಂದ, ಬೇಡ ಅಂದೆ. ಒಳ್ಳೆಯ ಹಾಳೆ ಕೆಡಬಾರದು, ಅದಕ್ಕೆ ಮೊದಲು ಇಲ್ಲಿ ಬರೆಯುತ್ತೇನೆ. ಭಾರ್ಗವಿಗೆ ಹೇಳಿಲ್ಲ. ಈ ಸಲ ಹೇಳದೆ ಹೋಗುವುದೂ ತಪ್ಪೇ ಇರಬಹುದು. ಬೆಳಿಗ್ಗೆ ಈ ಪುಟ ಅವಳಿಗೆ ತೋರಿಸುತ್ತೇನೆ. ಅವಳು ಬೇಡ ಅಂದರೆ ಬಸ್ಸು ಹತ್ತುವುದಿಲ್ಲ.

ತಿಪ್ಪೇಸ್ವಾಮಿಗೆ ನಿನ್ನ ಚಿಕ್ಕಮ್ಮ ಪೋಲಮ್ಮ ಬರೆಯುವುದು.

ನೀನು ತೆಲುಗಿನಲ್ಲಿ ಓದಿದವನು, ಕನ್ನಡ ಓದಲು ಬರುವುದಿಲ್ಲ, ಗೊತ್ತು. ನಿನ್ನ ತಾಯಿ ನನ್ನ ಜೊತೆ ಅದೇ ಶಾಲೆಗೆ ಬಂದವಳು. ಅವಳ ಕೈಯಲ್ಲಿ ಓದಿಸು. ಅವಳೂ ಕೇಳಿಸಿಕೊಳ್ಳಲಿ.

ಹದಿನಾರು ಅನ್ನುವುದು ನನ್ನ ಬಾಯಿಂದ ಬಂದ ಮಾತು. ಭಾರ್ಗವಿ ನನಗೆ ಯಾವ ಬೆಲೆಯನ್ನೂ ಹೇಳಿರಲಿಲ್ಲ. ನಿನಗೆ ಹೇಳಬೇಡಿ ಅಂತ ಮಾತ್ರ ಹೇಳಿದ್ದಳು. ಅವಳ ಬೆಲೆ ಹೇಳಲು ನಾನು ಯಾರೂ ಅಲ್ಲ. ಲೆವೆಲ್ಲು ಬೇಡ ಅಂದದ್ದೂ ನಾನೇ, ಅದು ಏನು ಅಂತ ತಿಳಿಯದೆ ಅಂದೆ. ಈಗ ತಿಳಿದಿದೆ.

ಅವಳು ಎರಡು ವರ್ಷ ಕೆಲಸ ಬಿಟ್ಟಳು ಅನ್ನುತ್ತೀರಿ. ಅದರಲ್ಲಿ ಒಂದು ವರ್ಷ ನನ್ನ ಮಲ ಮೂತ್ರ ಎತ್ತಿದಳು. ಹೋದ ತಿಂಗಳು ನೀನು ಎಲ್ಲರೆದುರು ನಮ್ಮ ಚಿಕ್ಕಮ್ಮ ಎದ್ದು ಓಡಾಡುತ್ತಾಳೆ ಅಂತ ಹೆಮ್ಮೆಯಿಂದ ಹೇಳಿದೆಯಂತಲ್ಲ, ಅಕ್ಕ ಹೇಳಿದಳು. ಓಡಾಡಿಸಿದವಳು ಯಾರು? ಇದನ್ನು ನಿಮ್ಮ ಆಫೀಸಿನಲ್ಲಿ ಹೇಳು ಅನ್ನುತ್ತಿಲ್ಲ, ಅವಳೇ ಹೇಳಿಲ್ಲ. ನಿನಗೆ ತಿಳಿದಿರಲಿ ಅಂತ ಬರೆದೆ.

ನಿನ್ನನ್ನು ನಮ್ಮ ದಲ್ಲಾಳಿ ಅಂದುಕೊಂಡೆ, ಅದು ನನ್ನ ದಡ್ಡತನ. ನೀನು ಅವರ ಅನ್ನ ತಿನ್ನುವವನು, ಅವರ ಕೆಲಸ ಮಾಡಿದೆ. ಆದರೆ ನನ್ನ ಕೈ ಹಿಡಿದುಕೊಂಡು ನಿಶ್ಚಿಂತೆಯಾಗಿರು ಅಂದೆಯಲ್ಲ, ಅದು ಯಾರ ಕೆಲಸ?

ಯಾರ ಹತ್ತಿರ ಹೋಗಿ ಹದಿನಾರು ಅಂದೆಯೋ ಅವರ ಹತ್ತಿರವೇ ಹೋಗಿ, ಅದು ಮುದುಕಿಯ ಮಾತು, ಹುಡುಗಿಯ ಮಾತಲ್ಲ ಅಂತ ಹೇಳು. ಅವರ ಜೊತೆ ಸಂಬಳ ಮಾತಾಡುವುದು ಅವಳು. ನೀನೂ ಬೇಡ, ನಾನೂ ಬೇಡ.

ಹೇಳಿದೆಯೋ ಇಲ್ಲವೋ, ಅದನ್ನು ನನಗೆ ತಿಳಿಸು. ಫೋನು ಮಾಡಬೇಡ, ನೀನು ಫೋನಿನಲ್ಲಿ ಹೇಳುವುದನ್ನು ಕೇಳಿದ್ದಾಗಿದೆ. ಬರೆದು ಕಳಿಸು, ತೆಲುಗಿನಲ್ಲಾದರೂ ಸರಿ. ಇಪ್ಪತ್ತೈದನೇ ತಾರೀಖು, ಬುಧವಾರದೊಳಗೆ ನನಗೆ ಉತ್ತರ ಬೇಕು.